ಸಹಿ ಹಾಕುವ ಕೈಗೆ ಜೊತೆ ಬೇಕು

(ಹಿರಿಯೂರಿನ ಮಾಸಿಕ ಶರಣ ಸಂಗಮದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

 

ಈ ತಿಂಗಳ ಚಿಂತನೆ ವೈದ್ಯ ಸಂಗಣ್ಣನವರ ಕುರಿತದ್ದು. ಹನ್ನೆರಡನೆಯ ಶತಮಾನದಲ್ಲಿ ವೈದ್ಯವನ್ನೇ ಕಾಯಕ ಮಾಡಿಕೊಂಡಿದ್ದ ಶರಣರು ಅವರು. ರೋಗದ ಮಾತು, ಮದ್ದಿನ ಮಾತನ್ನೇ ವಚನಕ್ಕೆ ತಂದವರು. ಪೂಜ್ಯರು ಫೋನ್ ಮಾಡಿದಾಗ ನಾನು, "ಬುದ್ಧಿ, ನಾನು ವಚನ ಆಳವಾಗಿ ಓದಿಕೊಂಡವಳಲ್ಲ, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು" ಎಂದೆ. "ವೈದ್ಯರ ಬಗ್ಗೆ ಬೇರೆಯವರು ಮಾತಾಡುತ್ತಾರೆ. ವೈದ್ಯರ ಎದುರು ಕುರ್ಚಿಯಲ್ಲಿ ಕೂತವರ ಬಗ್ಗೆ ನೀವು ಮಾತಾಡಿ ತಾಯಿ" ಎಂದರು. ಹಾಗಾಗಿ ಆ ಕುರ್ಚಿಯ ವಿಷಯವನ್ನೇ ಮಾತಾಡುತ್ತೇನೆ.

ನಮ್ಮ ಮಗಳು ಈಗ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಏನಾಯಿತೋ ಎಂದು ನೀವು ಕಾಯುತ್ತಾ ಕೂತರೆ ನಡುವಿನ ಮಾತು ಕಿವಿಗೆ ಬೀಳುವುದಿಲ್ಲ. 2019ರ ಜುಲೈನಲ್ಲಿ ಅವಳಿಗೆ ಏಳು ವರ್ಷ. ಬಿಡದ ಜ್ವರ, ಕಾಲಿನ ಮೇಲೆ ಪೆಟ್ಟು ಬೀಳದೆಯೂ ನೀಲಿ ಕಲೆ. ಇಲ್ಲಿ ರಕ್ತ ಪರೀಕ್ಷೆ ಮಾಡಿಸಿದ ಮಕ್ಕಳ ಡಾಕ್ಟರು ರಿಪೋರ್ಟ್ ನೋಡಿ, "ಇವತ್ತೇ ಬೆಂಗಳೂರಿಗೆ ಹೊರಡಿ" ಎಂದರು. ಅಲ್ಲಿ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಅದೇ ಜಾತಿಯದು.

ಅವಳು ಹೋದಳು ಎಂದ ಮಾತ್ರಕ್ಕೆ ಈ ಕಾಯಿಲೆ ಬಂದ ಮಕ್ಕಳೆಲ್ಲ ಹೋಗುತ್ತಾರೆ ಎಂದುಕೊಳ್ಳಬೇಡಿ. ಮುಂದುವರಿದ ದೇಶಗಳಲ್ಲಿ ಇಂಥ ಹತ್ತು ಮಕ್ಕಳಲ್ಲಿ ಎಂಟೊಂಬತ್ತು ಮಕ್ಕಳು ಗುಣವಾಗಿ ಮನೆಗೆ ಹೋಗುತ್ತಾರೆ. ನಮ್ಮ ಮಗಳ ಪಕ್ಕದ ಹಾಸಿಗೆಗಳಲ್ಲಿದ್ದ ಎಷ್ಟೋ ಮಕ್ಕಳು ಈಗ ಶಾಲೆಗೆ ಹೋಗುತ್ತಿದ್ದಾರೆ. 1947ರವರೆಗೆ ಈ ಕಾಯಿಲೆಗೆ ಮದ್ದೇ ಇರಲಿಲ್ಲ. ಆ ವರ್ಷದ ಕೊನೆಯಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಮಕ್ಕಳಿಗೆ ಕೊಟ್ಟು ನೋಡಿದ ಮದ್ದು ಸಿದ್ಧವಾದದ್ದು ನಮ್ಮ ಪಕ್ಕದ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರ ಮುಂದಾಳತ್ವದ ಪ್ರಯೋಗಾಲಯದಲ್ಲಿ. ಅದರ ವಂಶದ ಮದ್ದನ್ನೇ ಇವತ್ತಿಗೂ ಕೊಡುತ್ತಾರೆ. ಇನ್ನೊಂದು ಮುಖ್ಯ ಮದ್ದು ವಿನ್‌ಕ್ರಿಸ್ಟಿನ್ ಬರುವುದು ನಮ್ಮ ಅಂಗಳಗಳಲ್ಲಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದ, ಕೆಲವರು ಕಾಶಿ ಕಣಗಿಲೆ ಎನ್ನುತ್ತಾರಲ್ಲ, ಅದೇ. ಇದನ್ನು ಹೇಳಿದ ಕೂಡಲೇ ನಮ್ಮ ನೆಂಟರೊಬ್ಬರು ಆ ಎಲೆ ಕುದಿಸಿ ಕಷಾಯ ಕೊಡೋಣ ಎಂದು ಹೊರಟರು! ರಾಶಿಗಟ್ಟಲೆ ಎಲೆಯಿಂದ ತೆಗೆಯುವ ಚೂರೇ ಚೂರು ಮದ್ದು ಅದು. ನರಕ್ಕೆ ಮಾತ್ರ ಕೊಡಬೇಕು, ಅದೂ ಲೆಕ್ಕ ಹಾಕಿ. ದಯವಿಟ್ಟು ಯಾರೂ ಎಲೆ ಕುದಿಸಬೇಡಿ.

ಇನ್ನೊಂದು ಮಾತು. ಮೊದಲ ತಿಂಗಳ ಚಿಕಿತ್ಸೆ ಮುಗಿಯುವ ಹೊತ್ತಿಗೆ ಮಗು ಚೆನ್ನಾಗಿ ಕಾಣುತ್ತದೆ. ಊಟ ಮಾಡುತ್ತದೆ, ಆಡುತ್ತದೆ. "ವಾಸಿ ಆಯ್ತಲ್ಲ, ಸಾಕು ಬನ್ನಿ" ಎಂದು ಊರಿನವರು ಕರೆಯುತ್ತಾರೆ. ಚಿಕಿತ್ಸೆ ಇರುವುದು ಎರಡರಿಂದ ಮೂರು ವರ್ಷ. ನಮ್ಮಂಥ ದೇಶಗಳಲ್ಲಿ ಮಕ್ಕಳನ್ನು ಕಳೆದುಕೊಳ್ಳಲು ಒಂದು ದೊಡ್ಡ ಕಾರಣ ಹೀಗೆ ನಡುವೆ ಬಿಟ್ಟುಬಿಡುವುದು. ದುಡ್ಡು ಮುಗಿಯುತ್ತದೆ, ಕೂಲಿ ತಪ್ಪುತ್ತದೆ, ಊರಲ್ಲಿ ಇನ್ನೊಂದು ಮಗು ಅಜ್ಜಿ ಹತ್ತಿರ ಅಳುತ್ತಿರುತ್ತದೆ. ಬಿಟ್ಟು ಬಂದವರನ್ನು ಬೈಯುವುದು ಸುಲಭ. ಹಿರಿಯೂರಿನಿಂದ ಬೆಂಗಳೂರು 160 ಕಿಲೋಮೀಟರ್. ವಾರಕ್ಕೊಮ್ಮೆ, ವಾಂತಿ ಮಾಡುವ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿ ಬಂದವರಿಗೆ ಆ ದೂರ ಎಷ್ಟು ಎಂದು ಗೊತ್ತು.

ಈಗ ಕುರ್ಚಿಯ ವಿಷಯಕ್ಕೆ ಬರುತ್ತೇನೆ. ಆ ಕುರ್ಚಿಯಲ್ಲಿ ಕೂತ ಮೊದಲ ದಿನವೇ ನಮ್ಮ ಮುಂದೆ ಒಂದು ಕಾಗದ ಬಂತು, ಒಪ್ಪಿಗೆ ಪತ್ರ. ಬೆನ್ನಿನ ನೀರು ತೆಗೆಯಬೇಕು, ಸಹಿ ಹಾಕಿ. ಮೂಳೆಯೊಳಗಿನ ಮಜ್ಜೆ ತೆಗೆಯಬೇಕು, ಸಹಿ ಹಾಕಿ. ಎದೆಯ ಹತ್ತಿರದ ದೊಡ್ಡ ನರಕ್ಕೆ ಕೊಳವೆ ಹಾಕಬೇಕು, ಸಹಿ ಹಾಕಿ. ಪ್ರತಿ ಕಾಗದದಲ್ಲೂ ಏನೇನು ಅನಾಹುತ ಆಗಬಹುದು ಎಂಬ ಪಟ್ಟಿ ಇರುತ್ತದೆ. ನಾನು ವಿಜ್ಞಾನ ಓದಿದವಳು, ಜೀವಕೋಶ, ರಕ್ತಕಣ ಎಲ್ಲ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುವವಳು. ಅಲ್ಲಿ ಕೂತಾಗ ಆ ಓದು ನನಗೆ ಅರ್ಧ ಮಾತ್ರ ನೆರವಾಯಿತು. ಡಾಕ್ಟರು ಹತ್ತು ನಿಮಿಷ ಹೇಳಿದರೆ ತಲೆಗೆ ಹೋಗುತ್ತಿದ್ದದ್ದು ಮೊದಲ ಎರಡು ವಾಕ್ಯ. ನಮ್ಮ ಮನೆಯವರು ಇನ್ನೊಂದೇ ಎರಡು ವಾಕ್ಯ ಕೇಳಿಸಿಕೊಂಡಿರುತ್ತಿದ್ದರು. ರಾತ್ರಿ ಕಾರಿಡಾರಿನಲ್ಲಿ ಕೂತು ಇಬ್ಬರ ವಾಕ್ಯಗಳನ್ನೂ ಜೋಡಿಸುತ್ತಿದ್ದೆವು.

ಊರಿನಿಂದ ಬರುತ್ತಿದ್ದ ಮಾತುಗಳೂ ಇದ್ದವು. "ಬಸುರಿ ಇದ್ದಾಗ ಗ್ರಹಣದಲ್ಲಿ ಹೊರಗೆ ಓಡಾಡಿದ್ದಳಂತೆ." "ಆ ಮನೆ ವಾಸ್ತು ಸರಿಯಿಲ್ಲ." "ಯಾವ ಜನ್ಮದ ಕರ್ಮವೋ, ಮಗು ಅನುಭವಿಸ್ತಿದೆ." ಹೇಳಿದವರು ಕೆಟ್ಟವರಲ್ಲ, ಕಣ್ಣೀರು ಹಾಕಿಕೊಂಡೇ ಹೇಳಿದರು. ಅವರಲ್ಲಿ ಕೆಲವರು ಕೊರಳಲ್ಲಿ ಲಿಂಗ ಧರಿಸಿದವರು, ಇದೇ ಸಭೆಗಳಲ್ಲಿ ಕೂತು ಶರಣರು ಪಂಚಾಂಗ, ಪೂರ್ವಜನ್ಮದ ಲೆಕ್ಕವನ್ನು ಒಪ್ಪಲಿಲ್ಲ ಎಂದು ಕೇಳಿ ತಲೆದೂಗಿದವರು. ಸಭೆಯಲ್ಲಿ ತಲೆದೂಗುವುದಕ್ಕೂ ಆಸ್ಪತ್ರೆಯಲ್ಲಿ ಕೂತ ತಾಯಿಯ ಮುಂದೆ ಬಾಯಿ ಬಿಗಿಹಿಡಿಯುವುದಕ್ಕೂ ತುಂಬ ದೂರ ಇದೆ. ಇನ್ನೊಂದನ್ನು ಗಮನಿಸಿ: ಈ ಮಾತುಗಳಲ್ಲಿ ಒಂದೂ ನಮ್ಮ ಮನೆಯವರ ಮೇಲೆ ಬೀಳಲಿಲ್ಲ. ಎಲ್ಲವೂ ನನ್ನ ಹೊಟ್ಟೆಯ ಮೇಲೇ ಬಿದ್ದವು. ವಿಜ್ಞಾನ ಹೇಳುವುದು ಇಷ್ಟೇ: ಮಜ್ಜೆಯಲ್ಲಿನ ಒಂದು ಕಣದ ಒಳಗೆ ಏರುಪೇರಾಗುತ್ತದೆ, ಅದು ಹತೋಟಿ ಇಲ್ಲದೆ ಬೆಳೆಯುತ್ತದೆ. ಹೆಚ್ಚಿನ ಮಕ್ಕಳಲ್ಲಿ ಇದೇ ಕಾರಣ ಎಂದು ಬೊಟ್ಟು ಮಾಡಿ ತೋರಿಸಲು ಏನೂ ಸಿಗುವುದಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದನ್ನೂ ಹೇಳಬೇಕು. ಮದ್ದು ಕೊಟ್ಟ ಮೇಲೆ ಮಗುವಿನ ಬಿಳಿ ರಕ್ತಕಣ ನೆಲ ಕಚ್ಚುತ್ತವೆ. ಕಾಯಿಸದ ನೀರು, ಹಸಿ ತರಕಾರಿ, ಹೊರಗಿನ ಪ್ರಸಾದ ಯಾವುದೂ ಬೇಡ ಎಂದು ನರ್ಸಮ್ಮ ಖಡಾಖಂಡಿತವಾಗಿ ಹೇಳಿದ್ದರು. ನಮ್ಮ ಅತ್ತೆಯವರಿಗೆ ಮೊಮ್ಮಗಳಿಗೆ ಪಾದೋದಕ ಕೊಡಲೇಬೇಕು. ಕೊಡದಿದ್ದರೆ ಅದೇ ಕಾರಣಕ್ಕೆ ಏನಾದರೂ ಆದೀತು ಎಂಬ ಭಯ ಅವರಿಗೆ, ಕೊಟ್ಟರೆ ಸೋಂಕಾದೀತು ಎಂಬ ಭಯ ನನಗೆ. ಅತ್ತೆಯವರೇ ಸ್ವಾಮೀಜಿಯೊಬ್ಬರಿಗೆ ಫೋನ್ ಮಾಡಿಸಿದರು. ಅವರು ಹೇಳಿದ್ದು, "ತಾಯಿ, ಚೆನ್ನಾಗಿ ಕಾಯಿಸಿ ಆರಿಸಿದ ನೀರನ್ನು ಡಾಕ್ಟರು ಹೇಳಿದ ಹಾಗೆ ಕೊಡಿ. ಭಕ್ತಿಯಿಂದ ಕೊಟ್ಟರೆ ಅದೇ ಪಾದೋದಕ." ಅವತ್ತು ನಮ್ಮ ಮನೆಯಲ್ಲಿ ಒಂದು ಜಗಳ ನಿಂತಿತು. ಮಠಗಳು ಕಟ್ಟಡ ಕಟ್ಟಿಸಬಹುದು, ಆಸ್ಪತ್ರೆ ಕಟ್ಟಿಸಬಹುದು, ಅದೆಲ್ಲ ದೊಡ್ಡದೇ. ಆದರೆ ಆ ಎರಡು ವಾಕ್ಯಕ್ಕೆ ಖರ್ಚಾದದ್ದು ಒಂದು ಫೋನ್ ಕರೆ.

ಕೊರೊನಾ ಕಾಲದ ಕಥೆ ಎಲ್ಲರಿಗೂ ಗೊತ್ತು, ಅದನ್ನು ಬೆಳೆಸುವುದಿಲ್ಲ. ಪಾಸು ಹಿಡಿದು ಟೋಲ್‌ಗಳಲ್ಲಿ ನಿಂತು ಹೋಗಿ ಬಂದೆವು. 2022ರ ಏಪ್ರಿಲ್‌ಗೆ ಚಿಕಿತ್ಸೆ ಮುಗಿಯಿತು. ಆಗಸ್ಟ್ ಕೊನೆಗೆ ಕಾಯಿಲೆ ಮತ್ತೆ ಬಂತು.

ಚಿಕಿತ್ಸೆ ಮುಗಿದ ಸ್ವಲ್ಪ ದಿನಕ್ಕೇ ಮರಳಿ ಬಂದರೆ ಕಷ್ಟ ಜಾಸ್ತಿ. ಮೊದಲು ಇನ್ನೂ ಜೋರಾದ ಮದ್ದು ಕೊಟ್ಟು ಕಾಯಿಲೆಯನ್ನು ತಗ್ಗಿಸಬೇಕು, ಆಮೇಲೆ ಮಜ್ಜೆ ಕಸಿ. ಕಸಿಗೆ ಒಡಹುಟ್ಟಿದವರ ಮಜ್ಜೆ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಮ್ಮ ಮಗನಿಗೆ ಆಗ ಐದು ವರ್ಷ. ಅವನದು ಹೊಂದಿತು. ಎಲ್ಲರೂ ಸಂತೋಷಪಟ್ಟರು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಒಂದು ಮಗುವಿಗಾಗಿ ಆರೋಗ್ಯವಾಗಿರುವ ಇನ್ನೊಂದು ಮಗುವಿಗೆ ಅರಿವಳಿಕೆ ಕೊಡಿಸಿ ಸೊಂಟದ ಮೂಳೆಗೆ ಸೂಜಿ ಹಾಕಿಸಲು ಸಹಿ ಹಾಕುವವರು ಯಾರು? ನಾವೇ. ಅಪಾಯ ಬಹಳ ಕಡಿಮೆ ಎಂದರು ಡಾಕ್ಟರು. ಬಹಳ ಕಡಿಮೆ ಎಂಬುದಕ್ಕೂ ಇಲ್ಲವೇ ಇಲ್ಲ ಎಂಬುದಕ್ಕೂ ನಡುವೆ ತಂದೆತಾಯಿ ನಿದ್ದೆಗೆಡುತ್ತಾರೆ.

ಅದೇ ಸೆಪ್ಟೆಂಬರ್ ಮೊದಲ ವಾರ ನಮ್ಮ ಮಾರಿಕಣಿವೆ ಕೋಡಿ ಬಿತ್ತು. 1933ರ ನಂತರ, 89 ವರ್ಷಕ್ಕೆ. ಇಡೀ ತಾಲ್ಲೂಕು ಜಾತ್ರೆಯ ಹಾಗೆ ಅಲ್ಲಿತ್ತು. ನಮಗೆ ಬಂದ ಫೋನ್‌ಗಳಲ್ಲೆಲ್ಲ ಒಂದೇ ಮಾತು: "ವಾಣಿ ವಿಲಾಸವೇ ತುಂಬೈತೆ ಕಣಮ್ಮ, ನಿನ್ನ ಮಗಳು ಹುಷಾರಾಗದೆ ಇರ್ತಾಳಾ?" ಕೇಳುವಾಗ ಜೀವಕ್ಕೆ ಹಿತವಾಗುತ್ತಿತ್ತು. ಆದರೆ ಫೋನ್ ಇಟ್ಟ ಮೇಲೆ ಅದು ಇನ್ನೊಂದು ಹೊರೆಯಾಗುತ್ತಿತ್ತು. ನಾಳೆ ನಾವು ನಿಲ್ಲಿಸಿದರೆ, ಪವಾಡ ಆಗುವ ಹಿಂದಿನ ದಿನ ನಿಲ್ಲಿಸಿದವರಾಗುತ್ತೇವಲ್ಲ!

ಈ ಸಂಕಟ ನಮ್ಮ ಸೀಮೆಯ ರೈತರಿಗೆ ಬೇರೆ ರೂಪದಲ್ಲಿ ಗೊತ್ತು. ರಾತ್ರಿ ಎರಡು ಗಂಟೆ. ಬೋರ್‌ವೆಲ್ ಲಾರಿ ತೋಟದಲ್ಲಿ ನಿಂತಿದೆ. ಏಳುನೂರು ಅಡಿ ಹೋಗಿದೆ, ಬರೀ ಧೂಳು. ಲಾರಿಯವನು ಕೇಳುತ್ತಾನೆ, "ಇನ್ನೂ ಇಳಿಸ್ಲಾ, ನಿಲ್ಲಿಸ್ಲಾ?" ಇನ್ನೊಂದು ನೂರು ಅಡಿಗೆ ನೀರು ಇದ್ದರೆ? ಇಷ್ಟು ಹಾಕಿದ್ದೀವಲ್ಲ, ಇನ್ನೊಂದು ಚೂರು. ಹೀಗೆ ಎಂಟುನೂರು, ಒಂಬೈನೂರು. ಆದರೆ ಅಲ್ಲಿ ನೋಯುವುದು ನೆಲ, ಕರಗುವುದು ದುಡ್ಡು. ಇಲ್ಲಿ ಪ್ರತಿ ನೂರು ಅಡಿಗೂ ನೋಯುವುದು ಹತ್ತು ವರ್ಷದ ಹುಡುಗಿಯ ಮೈ. ಬಾಯಿ ತುಂಬ ಹುಣ್ಣು, ನೀರು ನುಂಗಲು ಆಗದು. ನಮ್ಮ ಮಾವನವರು ತೆಂಗಿನ ತೋಟದ ಪಹಣಿ ತಂದು ಮೇಜಿನ ಮೇಲಿಟ್ಟು, "ಮಾರಿಬಿಡೋಣ, ನೀವು ದುಡ್ಡಿನ ಯೋಚನೆ ಮಾಡಬೇಡಿ" ಎಂದರು. ಅವರ ದೊಡ್ಡತನ ನಾನು ಸಾಯುವವರೆಗೂ ಮರೆಯುವುದಿಲ್ಲ. ಆದರೆ ನಮ್ಮ ಪ್ರಶ್ನೆ ದುಡ್ಡಿನದಾಗಿ ಉಳಿದಿರಲಿಲ್ಲ.

ಜೋರಾದ ಮದ್ದಿಗೆ ಕಾಯಿಲೆ ಬಗ್ಗಲಿಲ್ಲ. ಬಗ್ಗದೆ ಕಸಿ ಮಾಡುವಂತಿಲ್ಲ. ಇನ್ನೊಂದು ಸುತ್ತು ಬೇರೆ ಮದ್ದು ಪ್ರಯತ್ನಿಸಬಹುದು, ಫಲ ಸಿಗುವ ಸಾಧ್ಯತೆ ಬಹಳ ಕಡಿಮೆ ಎಂದರು. "ನೀವೇ ಯೋಚನೆ ಮಾಡಿ ಹೇಳಿ" ಎಂದು ಕಿರಿಯ ಡಾಕ್ಟರೊಬ್ಬರು ಎದ್ದು ಹೋದರು.

ಆಮೇಲೆ ನಾನು ಇದರ ಬಗ್ಗೆ ಹುಡುಕಿ ಓದಿದೆ. ಫ್ರಾನ್ಸ್ ಮತ್ತು ಅಮೆರಿಕದ ತಂದೆತಾಯಿಗಳನ್ನು ಮಾತಾಡಿಸಿ ಮಾಡಿದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅದನ್ನು ಮಾಡಿದವರಲ್ಲಿ ಒಬ್ಬರು ಷೀನಾ ಅಯ್ಯಂಗಾರ್. ಎರಡೂ ಕಡೆಯವರು ಹಸುಗೂಸನ್ನು ಕಳೆದುಕೊಂಡವರು, ಉಸಿರಾಟದ ಯಂತ್ರ ನಿಲ್ಲಿಸಬೇಕಾಗಿ ಬಂದವರು. ಅಮೆರಿಕದಲ್ಲಿ ನಿಲ್ಲಿಸುವ ತೀರ್ಮಾನ ತಂದೆತಾಯಿಯದು. ಫ್ರಾನ್ಸಿನಲ್ಲಿ ವೈದ್ಯರೇ ತೀರ್ಮಾನಿಸುತ್ತಾರೆ, ತಂದೆತಾಯಿ ಒಪ್ಪದೆ ಹೋದರೆ ಮಾತ್ರ ಮಾತು ಬೇರೆ. ದುಃಖ ಇಬ್ಬರಿಗೂ ಇತ್ತು. ಆದರೆ ನಾವು ಹಾಗೆ ಮಾಡಬಾರದಿತ್ತೇನೋ, ಹೀಗೆ ಮಾಡಿದ್ದರೆ ಏನಾಗುತ್ತಿತ್ತೋ ಎಂದು ತಮ್ಮನ್ನೇ ಹೆಚ್ಚು ಸುಟ್ಟುಕೊಂಡವರು ಅಮೆರಿಕದವರು. ಇದನ್ನು ಓದಿದಾಗ ನನಗೆ ಎದೆ ಹಗುರವಾಯಿತು, ಯಾಕೆಂದರೆ ನಮ್ಮ ವಿಷಯದಲ್ಲಿ ಆದದ್ದೂ ಅದೇ ಜಾಡಿನದು. ಮರುದಿನ ನಮ್ಮ ಮನೆಯವರು ಹಿರಿಯ ಡಾಕ್ಟರ ಬಳಿ ಹೋಗಿ ಕೇಳಿದರು: "ಸಾರ್, ದಾರಿಗಳನ್ನು ಹೇಳಿದ್ದೀರಿ. ನಿಮ್ಮ ಅಭಿಪ್ರಾಯ ಹೇಳಿಲ್ಲ. ನೀವು ಏನು ಹೇಳುತ್ತೀರಿ?" ಅವರು ಪೆನ್ನು ಕೆಳಗಿಟ್ಟು, "ನಿಲ್ಲಿಸೋಣ ಎಂದು ನಾನು ಹೇಳುತ್ತೇನೆ. ಇದು ನನ್ನ ತೀರ್ಮಾನವೂ ಹೌದು ಎಂದು ಇಟ್ಟುಕೊಳ್ಳಿ" ಎಂದರು. ಸಹಿ ನಾವೇ ಹಾಕಿದೆವು. ಆದರೆ ಆ ಸಹಿಯಲ್ಲಿ ಅವರ ಕೈಯೂ ಇತ್ತು.

ವೈದ್ಯರೇ ಎಲ್ಲವನ್ನೂ ತೀರ್ಮಾನಿಸಲಿ ಎಂದು ನಾನು ಹೇಳುತ್ತಿಲ್ಲ. ಮಗುವಿಗೆ ಯಾವುದಕ್ಕೆ ಭಯ, ಎಲ್ಲಿ ಇರಲು ಇಷ್ಟ ಎಂದು ನಮಗೆ ಗೊತ್ತಿರುವಷ್ಟು ಅವರಿಗೆ ಗೊತ್ತಿರುವುದಿಲ್ಲ. ನಾವು ಅದನ್ನು ಹೇಳಬೇಕು, ಅವರು ತಮಗೆ ತಿಳಿದದ್ದನ್ನು ಹೇಳಬೇಕು, ಕೂಡಿ ಒಂದು ತೀರ್ಮಾನಕ್ಕೆ ಬರಬೇಕು. ಅನುಭವ ಮಂಟಪದಲ್ಲಿ ಹೆಂಗಸರೂ ಬಾಯಿ ಬಿಟ್ಟು ಮಾತಾಡಿದರು ಎಂದು ಹೆಮ್ಮೆಪಡುವವರು ನಾವು. ಆದರೆ ಆಸ್ಪತ್ರೆಯಲ್ಲಿ ಎಷ್ಟೋ ಸಲ ನೋಡಿದ್ದೇನೆ: ಡಾಕ್ಟರು ಮಾತಾಡುವಾಗ ಒಳಗೆ ಅಪ್ಪ, ದೊಡ್ಡಪ್ಪ, ಸೋದರಮಾವ ಇರುತ್ತಾರೆ. ಮಗುವಿನ ಜೊತೆ ಹಗಲು ರಾತ್ರಿ ಇರುವ ತಾಯಿ ಬಾಗಿಲ ಹೊರಗೆ ನಿಂತಿರುತ್ತಾಳೆ.

ಅಕ್ಟೋಬರ್‌ನಲ್ಲಿ ಹಿರಿಯೂರಿಗೆ ಬಂದೆವು. ನೋವಿಗೆ ಮಾರ್ಫಿನ್ ಬರೆದುಕೊಟ್ಟಿದ್ದರು. ಅದರ ಹೆಸರು ಕೇಳಿದರೆ ಸಾವಿನ ಮದ್ದು ಎಂದು ಹೆದರುವವರಿದ್ದಾರೆ. ಅಳತೆ ಪ್ರಕಾರ ಕೊಟ್ಟರೆ ಅದು ಜೀವ ತೆಗೆಯುವುದಿಲ್ಲ, ನೋವು ತೆಗೆಯುತ್ತದೆ. 2014ರಲ್ಲಿ ಕಾನೂನು ತಿದ್ದಿ, ನೋವಿನಲ್ಲಿರುವವರಿಗೆ ಅದು ಸಿಗುವ ದಾರಿಯನ್ನು ಸಡಿಲ ಮಾಡಿದ್ದಾರೆ. ಆದರೂ ನಮಗೆ ಹತ್ತಿರದಲ್ಲಿ ಸಿಗಲಿಲ್ಲ, ಪ್ರತಿ ಸಲ ಬೆಂಗಳೂರಿನಿಂದಲೇ ತರಬೇಕಾಯಿತು. ಮನೆಯಲ್ಲಿ ನೋಡಿಕೊಳ್ಳಲು ಆಗದವರಿಗೆ ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ, ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಈ ಹೆಸರನ್ನು ಬರೆದಿಟ್ಟುಕೊಳ್ಳಿ.

ಮನೆಗೆ ಬಂದ ಮೇಲೆ ಅವಳು ಎರಡು ಕೇಳಿದಳು. ಕೋಡಿ ನೋಡಬೇಕು ಎಂದಳು. ಮಾಸ್ಕ್ ಹಾಕಿ, ಜನ ಇಲ್ಲದ ಬೆಳಗಿನ ಹೊತ್ತು ಕಾರಿನಲ್ಲಿ ಕರೆದುಕೊಂಡು ಹೋಗಿ ತೋರಿಸಿದೆವು. ಇನ್ನೊಂದು, ಒಂದು ರಾತ್ರಿ ತಲೆ ನೇವರಿಸುವಾಗ, "ಅಮ್ಮ, ನಾನು ಸತ್ತೋಗ್ತೀನಾ?" ಎಂದಳು. "ಮೈಯಲ್ಲಿರೋ ಕಾಯಿಲೆ ನಮ್ಮ ಮಾತು ಕೇಳ್ತಿಲ್ಲ ಪುಟ್ಟ. ಏನೇ ಆದ್ರೂ ನಾನು ಇಲ್ಲೇ ಇರ್ತೀನಿ, ನೋವು ಆಗೋಕೆ ಬಿಡಲ್ಲ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಬಣ್ಣದ ಪೆನ್ಸಿಲ್ ಡಬ್ಬ ತಮ್ಮನಿಗೆ ಕೊಡು, ಆದರೆ ಚೂಪು ಮಾಡೋಕೆ ಬಿಡಬೇಡ, ಮುರಿದು ಹಾಕ್ತಾನೆ ಎಂದಳು. ಮಗುವಿನ ಹತ್ತಿರ ಯಾರಾದರೂ ಇಂಥ ಮಾತಾಡುತ್ತಾರಾ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಸ್ವೀಡನ್ ದೇಶದಲ್ಲಿ ಕ್ಯಾನ್ಸರಿನಿಂದ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳನ್ನು ಇದನ್ನೇ ಕೇಳಿದ್ದರು, ಅದು 2004ರಲ್ಲಿ ಪ್ರಕಟವಾಗಿದೆ. ಮಗುವಿನೊಡನೆ ಸಾವಿನ ಬಗ್ಗೆ ಮಾತಾಡಿದ್ದವರು 147 ಮಂದಿ. ಮಾತಾಡಬಾರದಿತ್ತು ಎಂದವರು ಅವರಲ್ಲಿ ಒಬ್ಬರೂ ಇಲ್ಲ. ಮಾತಾಡದೆ ಉಳಿದವರು 258. ಅವರಲ್ಲಿ 69 ಮಂದಿಗೆ, ಮಾತಾಡಬೇಕಿತ್ತು ಎಂಬ ಕೊರಗು ಉಳಿದಿತ್ತು.

2023ರ ಜನವರಿಯಲ್ಲಿ ಅವಳು ಹೋದಳು. ನಮ್ಮ ಪದ್ಧತಿಯಂತೆ ಮಣ್ಣು ಮಾಡಿದೆವು.

ಆಮೇಲೆ ಮನೆಗೆ ಮಾತಾಡಿಸಲು ಬಂದವರ ಪ್ರಶ್ನೆಗಳು ಶುರುವಾದವು. ವೆಲ್ಲೂರಿಗೆ ಯಾಕೆ ಹೋಗಲಿಲ್ಲ? ಮುಂಬೈಗೆ ಯಾಕೆ ಹೋಗಲಿಲ್ಲ? ತೋಟ ಇತ್ತಲ್ಲ? ನಾಟಿ ಮದ್ದು ಕೊಡೋರು ಒಬ್ಬರಿದ್ದರು, ನಮಗೆ ಮೊದಲೇ ಹೇಳಿದ್ರೆ... ಇವೆಲ್ಲ ಪ್ರಶ್ನೆಗಳಂತೆ ಕಾಣುತ್ತವೆ, ಕೇಳುವ ಕಿವಿಗೆ ತೀರ್ಪಿನ ಹಾಗೆ ಬೀಳುತ್ತವೆ. ಅವತ್ತು ಅಲ್ಲಿ, ಆ ರಿಪೋರ್ಟು ಕೈಯಲ್ಲಿಟ್ಟುಕೊಂಡು, ನಮಗೆ ತಿಳಿದಷ್ಟರಲ್ಲಿ ತೀರ್ಮಾನ ಮಾಡಿದೆವು. ತೀರ್ಮಾನ ಸರಿಯಿದ್ದೂ ಮಗು ಉಳಿಯದೇ ಹೋಗಬಹುದು. ಇದನ್ನು ದೊಡ್ಡವರು ಒಪ್ಪದಿದ್ದರೆ ಮಕ್ಕಳೂ ಹೊರೆ ಹೊರುತ್ತಾರೆ. ಒಂದು ದಿನ ನಮ್ಮ ಮಗ, "ನನ್ನ ರಕ್ತ ಸರಿ ಇರಲಿಲ್ವಾ ಅಮ್ಮ, ಅದಕ್ಕೇ ಅಕ್ಕನಿಗೆ ಹಾಕಲಿಲ್ವಾ?" ಎಂದು ಕೇಳಿದ. ಐದು ವರ್ಷದ ಮಗು ಅಷ್ಟು ದಿನ ಅದನ್ನು ಒಳಗೇ ಇಟ್ಟುಕೊಂಡಿತ್ತು.

ಪೂಜ್ಯರ ಅಪ್ಪಣೆ ಪಡೆದು ಮೂರು ಕೆಲಸ ಕೇಳಿಕೊಳ್ಳುತ್ತೇನೆ. ಬೆಂಗಳೂರಿನಲ್ಲಿರುವ ಹಿರಿಯೂರಿನವರ ಪಟ್ಟಿಯೊಂದು ಮಠದಲ್ಲಿರಲಿ, ಪ್ಲೇಟ್‌ಲೆಟ್ ಕೊಡಬಲ್ಲವರದು. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ, ಪದೇ ಪದೇ ಬೇಕಾಗುತ್ತದೆ, ಇಲ್ಲಿಂದ ಹೋಗಿ ಕೊಡುವಷ್ಟು ಹೊತ್ತು ಇರುವುದಿಲ್ಲ. ಎರಡನೆಯದು, ಕಿದ್ವಾಯಿ ಆಸ್ಪತ್ರೆಗೋ ನಿಮ್ಹಾನ್ಸ್‌ಗೋ ಹೋಗುವ ಕುಟುಂಬಕ್ಕೆ ವಾರಗಟ್ಟಲೆ ಇರಲು ಒಂದು ರೂಮು ಬೇಕು. ಸಮಾಜದ ಹಾಸ್ಟೆಲ್‌ಗಳಲ್ಲಿ ಒಂದೆರಡು ಕೋಣೆ ಬಿಟ್ಟುಕೊಟ್ಟರೂ ಆಯಿತು. ಮೂರನೆಯದಕ್ಕೆ ದುಡ್ಡೇ ಬೇಡ. ಡಾಕ್ಟರು ಮಾತಾಡುವ ದಿನ ಆ ತಂದೆತಾಯಿಯ ಜೊತೆ ಹೋಗಿ, ಒಂದು ಪುಸ್ತಕದಲ್ಲಿ ಡಾಕ್ಟರು ಹೇಳಿದ್ದನ್ನು ಬರೆದುಕೊಂಡು, ಸಂಜೆ ಅವರಿಗೆ ನಿಧಾನವಾಗಿ ಓದಿ ಹೇಳುವವರು ಬೇಕು. ಸಲಹೆ ಕೊಡುವವರಲ್ಲ, ಬರೆದುಕೊಳ್ಳುವವರು. ನಾನು ಒಬ್ಬಳಿದ್ದೇನೆ. ನಮ್ಮ ಶಾಲೆಯ ಇಬ್ಬರು ಮೇಡಂಗಳು ಒಪ್ಪಿದ್ದಾರೆ. ಇನ್ನೂ ಹತ್ತು ಜನ ಬೇಕು.

ಪ್ರಸಾದಕ್ಕೆ ಹೋಗುವ ಬಾಗಿಲ ಹತ್ತಿರ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇವೆ, ಪೆನ್ನು ದಾರದಲ್ಲಿ ಕಟ್ಟಿದೆ. ಹೆಸರು, ಫೋನ್ ನಂಬರು, ರಕ್ತದ ಗುಂಪು ಬರೆಯಿರಿ. ಗುಂಪು ಗೊತ್ತಿಲ್ಲದವರು ಹೆಸರು ಬರೆದು ಹೋಗಿ, ಮುಂದಿನ ತಿಂಗಳ ಸಂಗಮಕ್ಕೆ ತಿಳಿದುಕೊಂಡು ಬನ್ನಿ.